ಎರಡನೇ ಭಾಗದ ಮೀರಾ

“ಅವಳು ಹಾಗೆ ಮಾಡೋಳೇ ಅಲ್ಲ,” ಎಂದರು ವಿಮಲಾ, ಅಡುಗೆಮನೆಯ ಬಾಗಿಲಲ್ಲಿ ನಿಂತು. ಕೈಯಲ್ಲಿದ್ದ ಸೌಟಿನಿಂದ ಎಣ್ಣೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. “ಬರೆದವರಿಗೆ ತಲೆ ಕೆಟ್ಟಿದೆ, ಅಷ್ಟೇ.”

ನಡುಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಇಬ್ಬರೂ ಹುಡುಗರು ಒಟ್ಟಿಗೆ ತಿರುಗಿದರು. ಒಬ್ಬ ವಸಿಷ್ಠ, ವಿಮಲಾ ಅವರ ತಮ್ಮ ಗುಂಡಣ್ಣನ ಮಗ. ಇನ್ನೊಬ್ಬ ಚನ್ನವೀರ, ವಸಿಷ್ಠನ ಜೊತೆ ಬನ್ನೇರುಘಟ್ಟ ರಸ್ತೆಯ ಆಫೀಸಿನಲ್ಲಿ ಕೆಲಸ ಮಾಡುವವನು. ಗದಗದ ಕಡೆಯವನು, ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದ. ರಜೆ ಸಿಕ್ಕಾಗಲೆಲ್ಲ ಇಬ್ಬರೂ ಕೂತು ಆಡಿದ ‘ಕೋಲ್ಡ್ ಲ್ಯಾಂಟರ್ನ್’ ಎಂಬ ಕಂಪ್ಯೂಟರ್ ಆಟದ ಎರಡನೇ ಭಾಗ ಆಗಷ್ಟೇ ಮುಗಿದಿತ್ತು. ಪರದೆಯ ಮೇಲೆ ಆಟ ಕಟ್ಟಿದವರ ಹೆಸರುಗಳು ಮೇಲಕ್ಕೆ ಹರಿಯುತ್ತಿದ್ದವು.

ಆಟಕ್ಕೂ ವಿಮಲಾ ಅವರಿಗೂ ನಂಟು ಬೆಳೆದದ್ದು ಹಿಂದಿನ ವರ್ಷ. ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸದಿಂದ ನಿವೃತ್ತರಾಗಿ ಮನೆಯಲ್ಲಿ ಕೂತ ಹೊಸತು. ವಸಿಷ್ಠ ಮೊದಲ ಭಾಗ ಆಡುತ್ತಿದ್ದ. ಅವರು ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತ, “ಯಾರೋ ಆ ಹುಡುಗಿ?” ಎಂದು ಕೇಳಿದ್ದೇ ಶುರು. ಆರಿಹೋದ ನಕ್ಷತ್ರವೊಂದನ್ನು ಸುತ್ತುವ ಮುರುಕು ಬಾಹ್ಯಾಕಾಶ ಸ್ಟೇಷನ್, ಅದರಲ್ಲಿ ಸಿಕ್ಕಿಬಿದ್ದ ಆರು ಜನ. ಹುಡುಗಿಯ ಹೆಸರು ಮಿರೆಲ್. ವಿಮಲಾ ಬಾಯಲ್ಲಿ ಮೀರಾ ಆದಳು. ಗಾಯಗೊಂಡವರ ಕೈ ಮುಟ್ಟಿದರೆ ಅವರ ಗಾಯ ತನ್ನ ಮೈಗೆ ಬರುತ್ತದೆ, ಅದೇ ಅವಳ ಶಕ್ತಿ. ಕೊನೆಯಲ್ಲಿ ಸ್ಟೇಷನ್ ಒಡೆಯತೊಡಗಿದ ಹೊತ್ತಿಗೆ ಪಾರಾಗುವ ದೋಣಿ ಹೊರಡುವ ದಾರಿಯ ಬಾಗಿಲು ದೋಣಿಯ ಒಳಗಿನಿಂದ ತೆರೆಯುತ್ತಿರಲಿಲ್ಲ. ಯಾರಾದರೊಬ್ಬರು ಹೊರಗೆ ನಿಂತು ಅದರ ಸನ್ನೆಕೋಲು ಎಳೆದು ಹಿಡಿಯಬೇಕಿತ್ತು. ಮೀರಾ ನಿಂತಳು. ಆ ದಿನ ವಿಮಲಾ ಸಂಜೆಯ ಕಾಫಿ ಕುಡಿದಿರಲಿಲ್ಲ. ಅವರು ಒಂದು ದಿನವೂ ಮೌಸ್ ಮುಟ್ಟಿದವರಲ್ಲ, ಆದರೆ ವಸಿಷ್ಠ ತೆರೆಯದೆ ಬಿಟ್ಟ ಬಾಗಿಲುಗಳೆಲ್ಲ ಅವರಿಗೆ ಗೊತ್ತಿದ್ದವು.

ಎರಡನೇ ಭಾಗದಲ್ಲಿ ಉಳಿದ ಐವರು ಎಷ್ಟೋ ವರ್ಷಗಳ ಮೇಲೆ ಸ್ಟೇಷನ್ನಿಗೆ ವಾಪಸಾಗುತ್ತಾರೆ. ಮೀರಾ ಬದುಕಿದ್ದಾಳೆ. ಸ್ಟೇಷನ್ನಿಗೆಲ್ಲ ಅವಳೇ ಒಡತಿ. ಅವಳು ಉಳಿದದ್ದು ಯಾರನ್ನೂ ಉಳಿಸುವುದಕ್ಕಲ್ಲ, ಸ್ಟೇಷನ್ ತನ್ನದಾಗಲೆಂಬ ಆಸೆಗೆ ಎಂದು ಕಥೆ ಹೇಳುತ್ತದೆ. ಕೊನೆಯ ಕಾಳಗ ಅವಳೊಂದಿಗೇ.

“ಹಂಗಲ್ರೀ ಆಂಟಿ,” ಎಂದ ಚನ್ನವೀರ, ಕುರ್ಚಿ ತಿರುಗಿಸಿಕೊಂಡು. “ಅಕಿ ಪವರ್ ಮೊದಲಿಂದ್ಲೂ ಅದೇ ಐತಿ. ನಾವು ತಪ್ಪು ತಿಳ್ಕೊಂಡಿದ್ವಿ. ಗಾಯ ತನ್ನ ಮೈಮ್ಯಾಲೆ ತಗೋತಾಳ ಅಂದ್ಕೊಂಡ್ವಿ. ಖರೇ ಅಂದ್ರ ಅವ್ರ ಜೀವಾನೇ ಎಳ್ಕೋತಿದ್ಲು.”

“ಲೋ ಗುರು, ಹೆಲ್ತ್ ಬಾರ್ ನೋಡೋ,” ಎಂದು ವಸಿಷ್ಠ ಮೇಜು ಕುಟ್ಟಿದ. “ಅವಳು ಮುಟ್ಟಿದಾಗ ಅವರ ಜೀವದ ಗೆರೆ ಮೇಲೆ ಹೋಗುತ್ತೆ, ಇವಳದ್ದು ಕೆಳಗೆ ಬರುತ್ತೆ. ಎಳ್ಕೊಂಡಿದ್ರೆ ಉಲ್ಟಾ ಆಗ್ಬೇಕಿತ್ತು. ಸ್ಟೋರಿ ಹಾಳು ಮಾಡಿದಾರೆ ಕಣೋ.”

“ಕೆಳಗ ಬಂದಿದ್ದು ಆಮ್ಯಾಲ ತಾನೇ ತುಂಬ್ತದಲ್ಲ? ಉಳಿದವ್ರಿಗೆ ಔಷಧಿ ಬೇಕು, ಅಕಿಗೇನೂ ಬ್ಯಾಡ. ಎಲ್ಲಿಂದ ತುಂಬ್ತು ಹೇಳು.”

ವಿಮಲಾ ಸೌಟನ್ನು ಹಿಡಿದುಕೊಂಡೇ ಮುಂದೆ ಬಂದರು.

“ಮಲಗ್ತಾಳೆ, ತುಂಬುತ್ತೆ. ಗಾಯ ಆದವರು ಒಂದಿಷ್ಟು ನಿದ್ದೆ ಮಾಡಿದ್ರೆ ಸುಧಾರಿಸಿಕೊಳ್ಳಲ್ವಾ? ನೀನು ಅವಳ ಎಡಗೈ ನೋಡಿದ್ದೀಯೇನಪ್ಪ? ಜೊತೇಲಿದ್ದ ಆ ಮುದುಕನ ಸುಟ್ಟ ಗಾಯ ತಗೊಂಡ್ಮೇಲೆ ಅವಳು ಎಡಗೈಯಲ್ಲಿ ಏನೂ ಹಿಡಿಯಲ್ಲ. ದೀಪ ಬಲಗೈಲಿ, ಬೀಗದ ಕೈ ಬಲಗೈಲಿ, ಏಣಿ ಹತ್ತೋದೂ ಒಂದೇ ಕೈಲಿ. ಯಾರೂ ಕೇಳಲ್ಲ. ಅವಳೂ ಹೇಳಲ್ಲ.”

“ಅದು ಪ್ರೋಗ್ರಾಮಿನಾಗಿನ ಬಗ್ ಇರಬೇಕ್ರಿ.”

“ಬಗ್ಗಾ?” ವಿಮಲಾ ದನಿ ಒಮ್ಮೆಗೇ ಏರಿತು. “ಅವಳ ಕೈ ಹೋಗಿದ್ದು ಬಗ್ಗು, ಸ್ಟೇಷನ್ ಹೊಡ್ಕೊಳ್ಳೋಕೆ ಉಳಿದಳು ಅನ್ನೋದು ನಿಜ! ಮುರಿದ ತಗಡು, ಗಾಳಿಯಿಲ್ಲ, ನೀರಿಲ್ಲ. ಅದನ್ನಿಟ್ಕೊಂಡು ಏನು ಅರಮನೆ ಕಟ್ತಾಳಾ ಅವಳು? ಆ ಐದು ಜನ ದೋಣಿ ಹತ್ತಿದ್ರಲ್ಲ, ಒಬ್ಬರಾದ್ರೂ ಹಿಂದೆ ತಿರುಗಿ ನೋಡಿದ್ರಾ?”

ಚನ್ನವೀರ ನಗುವುದೋ ಬಿಡುವುದೋ ತಿಳಿಯದೆ ವಸಿಷ್ಠನ ಮುಖ ನೋಡಿದ. ವಸಿಷ್ಠ ಕಣ್ಣಲ್ಲೇ ‘ಬಿಟ್ಬಿಡು’ ಎಂದ. ಒಳಗೆ ಬಾಣಲೆಯಲ್ಲಿ ಸಾಸಿವೆ ಸೀದು ಹೊಗೆ ನಡುಮನೆಯವರೆಗೂ ಬಂತು. ವಿಮಲಾ ಹೋಗಿ ಒಲೆ ಆರಿಸಿ ಮತ್ತೆ ಬಂದು ಅದೇ ಜಾಗದಲ್ಲಿ ನಿಂತರು.

ಅವರ ಸಿಟ್ಟಿಗೆ ಇನ್ನೂ ಒಂದು ಕಾರಣವಿತ್ತು, ಹುಡುಗರಿಗೆ ಗೊತ್ತಿರಲಿಲ್ಲ. ಜಯನಗರದ ಈ ಹಳೆಯ ಮನೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲು ಬಿಲ್ಡರಿಗೆ ಕೊಡುವುದೆಂದು ಆಗಿತ್ತು. ಗುಂಡಣ್ಣ ಹೇಳಿದ ದಿನವೇ ವಿಮಲಾ, “ನಿನ್ನಿಷ್ಟ ಕಣೋ,” ಎಂದು ಒಪ್ಪಿಬಿಟ್ಟಿದ್ದರು. ಎಲ್ಲರೂ ಕೋಣನಕುಂಟೆಯ ಎರಡು ಕೋಣೆಯ ಫ್ಲ್ಯಾಟಿಗೆ ಹೋಗುವುದು, ಅಕ್ಕನಿಗೆ ಮುಂದಿನ ಹಜಾರದಲ್ಲಿ ದಿವಾನ ಹಾಕುವುದು ಎಂದು ಮಾತಾಗಿತ್ತು. ಕಳೆದ ವಾರ ವಿಲ್ಸನ್ ಗಾರ್ಡನ್ನಿನ ಚಿಕ್ಕಮ್ಮನ ಮನೆಗೆ ನಾಮಕರಣಕ್ಕೆ ಹೋಗಿದ್ದಾಗ, ಊಟದ ಪಂಕ್ತಿಯಲ್ಲಿ ಚಿಕ್ಕಮ್ಮ ಎಲ್ಲರಿಗೂ ಕೇಳಿಸುವಂತೆ ನಕ್ಕು ಹೇಳಿದ್ದರು: “ಜಯನಗರದ ಮನೆ ಬಿಟ್ಟು ಬರಲಾರೆ ಅಂತ ಮದುವೇನೇ ಬಿಟ್ಟವಳು ನೀನು. ಈಗ ಮನೇನೂ ಹೋಯ್ತಲ್ಲೇ ವಿಮಲಾ! ಮೊನ್ನೆ ಗುಂಡಾನೂ ಅದನ್ನೇ ಅಂತಿದ್ದ.” ಎಲೆಯ ಮೇಲಿದ್ದ ಹೋಳಿಗೆಯನ್ನು ಅವರು ಹಾಗೇ ಬಿಟ್ಟು ಎದ್ದಿದ್ದರು. ಮನೆಗೆ ಬಂದ ಮೇಲೂ ತಮ್ಮನನ್ನು ಕೇಳಲು ಬಾಯಿ ಬಂದಿರಲಿಲ್ಲ.

ಗೇಟಿನ ಸದ್ದಾಯಿತು. ಗುಂಡಣ್ಣ ಪೇಟೆಯಿಂದ ತರಕಾರಿ ಚೀಲ ಹಿಡಿದು ಒಳಗೆ ಬಂದ. ಬ್ಯಾಂಕಿನ ಮ್ಯಾನೇಜರು, ಭಾನುವಾರವೂ ಶರಟನ್ನು ಪ್ಯಾಂಟಿನೊಳಗೆ ಸೇರಿಸುವವನು.

“ಏನಕ್ಕ ಇದು, ಬೀದಿ ತುದಿಗೆ ಕೇಳಿಸ್ತಿದೆ. ಹುಡುಗರ ಆಟಕ್ಕೆ ನೀನ್ಯಾಕೆ ಬಿಪಿ ಏರಿಸ್ಕೋತೀಯ?”

“ಏನಿಲ್ಲಪ್ಪ,” ಎಂದ ವಸಿಷ್ಠ ನಗುತ್ತ. “ಫಸ್ಟ್ ಪಾರ್ಟಲ್ಲಿ ಎಲ್ಲರನ್ನೂ ಕಳಿಸಿ ಹಿಂದೆ ಉಳಿದವಳನ್ನ ಸೆಕೆಂಡ್ ಪಾರ್ಟಲ್ಲಿ ವಿಲನ್ ಮಾಡಿಬಿಟ್ಟಿದಾರೆ. ಸ್ಟೇಷನ್ ಆಸೆಗೇ ಉಳಿದಳಂತೆ. ಅತ್ತೆ ಒಪ್ತಿಲ್ಲ.”

ಗುಂಡಣ್ಣ ಬಾಗಿ ಚಪ್ಪಲಿ ಬಿಡುತ್ತಿದ್ದ. “ಇದ್ರೂ ಇರಬಹುದು ಬಿಡು. ಸುಮ್ಸುಮ್ನೆ ಯಾರು ಉಳ್ಕೋತಾರೆ?”

ವಿಮಲಾ ಸೌಟನ್ನು ಟೀಪಾಯಿಯ ಮೇಲೆ, ಅಂದಿನ ಪೇಪರಿನ ಮೇಲೆ ಇಟ್ಟರು.

“ಗುಂಡ, ವಿಲ್ಸನ್ ಗಾರ್ಡನ್ ಚಿಕ್ಕಮ್ಮಂಗೂ ಇದನ್ನೇ ಹೇಳಿದ್ಯಾ?”

“ಯಾವುದನ್ನ?”

“ಮನೆ ಆಸೆಗೆ ನಾನು ಮದುವೆ ಬಿಟ್ಟೆ ಅಂತ.”

ಗುಂಡಣ್ಣ ನೆಟ್ಟಗಾದ. ಚನ್ನವೀರನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. “ಏನೋ ಮಾತಿಗೆ ಮಾತು ಬಂತು, ಅಂದೆ. ನಿಂಗೆ ಈ ಮನೆ ಅಂದ್ರೆ ಪ್ರಾಣ ಅಂದೆ. ಅದ್ರಲ್ಲಿ ತಪ್ಪೇನಿದೆ? ಹೊರಗಿನವರ ಮುಂದೆ ಇದೆಲ್ಲ ಈಗ ಯಾಕೆ?”

“ನೀನಂದಿದ್ದನ್ನ ಚಿಕ್ಕಮ್ಮ ಹೊರಗಿನವರ ಮುಂದೆ ತಾನೇ ಹೇಳಿದ್ದು? ಇಡೀ ಪಂಕ್ತಿ ನಕ್ಕಿತು ಕಣೋ. ನಾನು ಮಜ್ಜಿಗೆ ಅನ್ನ ಕಲಸ್ತಾ ಕೂತಿದ್ದೆ.”

“ಅಕ್ಕ...”

“ಸುಮ್ನಿರು. ತುಮಕೂರಿನವರು ನೋಡ್ಕೊಂಡು ಹೋಗಿ ಒಪ್ಪಿಗೆ ಹೇಳಿ ಕಳಿಸಿದ್ರು. ಆ ವಾರಾನೇ ಅಮ್ಮ ಬಚ್ಚಲಲ್ಲಿ ಬಿದ್ದು ಒಂದು ಮಗ್ಗುಲು ಹೋಯ್ತು. ನಿಂಗೆ ಬಿಜಾಪುರಕ್ಕೆ ಕೆಲಸದ ಆರ್ಡರ್ ಬಂದಿತ್ತು. ಹಿತ್ತಲಲ್ಲಿ ಒಗೆಯೋ ಕಲ್ಲಿನ ಮೇಲೆ ಕೂತು ಗೊಳೋ ಅಂತ ಅಳ್ತಿದ್ದೆ ನೀನು. ‘ಅಕ್ಕ, ಒಂದೇ ಒಂದು ವರ್ಷ ಇರು, ನನ್ನ ಕೆಲಸ ಖಾಯಂ ಆಗ್ಲಿ, ಆಮೇಲೆ ನಾನೇ ನಿಂತು ನಿನ್ನ ಮದುವೆ ಮಾಡ್ತೀನಿ’ ಅಂದೆ. ನನ್ನ ಕಾಲು ಹಿಡ್ಕೊಂಡು ಅಂದೆ.”

ಗುಂಡಣ್ಣನ ಹುಬ್ಬು ಗಂಟಾಯಿತು. “ನಾನಾ?”

“ನೀನೇ.”

“ನಂಗೆ ಹಾಗೇನೂ ನೆನಪಿಲ್ಲಕ್ಕ. ತುಮಕೂರಿನ ಹುಡುಗನ್ನ ನೀನೇ ಬೇಡ ಅಂದೆ ಅಲ್ವಾ? ಹಲ್ಲು ಉಬ್ಬು ಅಂತ ಏನೋ...”

ಅವನು ನಟಿಸುತ್ತಿಲ್ಲವೆಂದು ವಿಮಲಾ ಅವರಿಗೆ ಕಂಡಿತು. ಅವರು ಎತ್ತಿ ಆಡಿಸಿದ ಮುಖ ಅದು. ಸುಳ್ಳು ಹೇಳುವಾಗ ಅದರ ಕಿವಿ ಕೆಂಪಾಗುವುದು ಅವರಿಗೆ ಗೊತ್ತಿತ್ತು. ಈಗ ಕಿವಿ ಇದ್ದ ಹಾಗೇ ಇತ್ತು. ಅವನ ತಲೆಯೊಳಗೆ ಆ ಒಗೆಯುವ ಕಲ್ಲೂ ಇರಲಿಲ್ಲ, ಅದರ ಮೇಲೆ ಕೂತು ಅತ್ತ ಹುಡುಗನೂ ಇರಲಿಲ್ಲ. ತುಮಕೂರಿನ ಆ ಮನುಷ್ಯನಿಗೆ ಮಾತ್ರ ಹಲ್ಲು ಉಬ್ಬಾಗಿತ್ತು. ಹತ್ತು ಹನ್ನೊಂದು ವರ್ಷ ನೈಟ್ ಡ್ಯೂಟಿ ಮುಗಿಸಿ ಬಂದು ಅಮ್ಮನ ಬಟ್ಟೆ ಬದಲಾಯಿಸಿದ್ದು, ಮಂಚದ ಪಕ್ಕ ನೆಲದ ಮೇಲೆ ಮಲಗಿದ್ದು, ಇದೆಲ್ಲಕ್ಕೂ ಅವನು ತನ್ನ ಪಾಡಿಗೆ ಒಂದು ಕಾರಣ ಹಚ್ಚಿಕೊಂಡು ನೆಮ್ಮದಿಯಾಗಿದ್ದ.

“ವಸಿಷ್ಠ,” ಎಂದರು ಅವರು.

ಇಷ್ಟು ಹೊತ್ತು ಮೀರಾಳ ಪರ ಮೇಜು ಕುಟ್ಟುತ್ತಿದ್ದ ವಸಿಷ್ಠ ಪರದೆಯ ಕಡೆ ತಿರುಗಿ ಮೌಸಿನ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. “ಬಿಡಿ ಅತ್ತೆ,” ಎಂದ ತಿರುಗದೆಯೇ. “ಹಳೇದೆಲ್ಲ ಈಗ ಯಾಕೆ?”

ವಿಮಲಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ನಾನು ಕೋಣನಕುಂಟೆಗೆ ಬರಲ್ಲ.”

“ಮತ್ತೆಲ್ಲಿಗೆ ಹೋಗ್ತೀಯ?” ಗುಂಡಣ್ಣನಿಗೂ ಈಗ ಸಿಟ್ಟು ಬಂದಿತ್ತು. “ಯಾರಿದಾರೆ ನಿಂಗೆ? ಒಂದು ಆಟಕ್ಕೆ, ಒಂದು ಮಾತಿಗೆ ಇಷ್ಟು ರಂಪ! ಇಷ್ಟು ವರ್ಷ ನಾವು ನೋಡ್ಕೊಂಡಿಲ್ವಾ ನಿನ್ನ?”

“ನೋಡ್ಕೊಂಡ್ರಾ?” ಎಂದರು ವಿಮಲಾ. ದನಿ ಈಗ ಏರಲಿಲ್ಲ. “ಇದು ಮೂರನೇ ಭಾಗವೇನೋ?”

ಚನ್ನವೀರ ಎದ್ದು ನಿಂತು ತನ್ನ ಬ್ಯಾಗು ಹುಡುಕುತ್ತಿದ್ದ. “ನಾ ಬರ್ತೀನ್ರಿ ಅಂಕಲ್, ಆಂಟಿ,” ಎಂದು ಯಾರ ಮುಖವನ್ನೂ ನೋಡದೆ ಹೊರಗೆ ಹೋಗಿ ಷೂ ಹಾಕಿಕೊಳ್ಳತೊಡಗಿದ. ಅವನು ಲೇಸು ಕಟ್ಟಿ ಮುಗಿಸುವಷ್ಟರಲ್ಲಿ ವಿಮಲಾ ಪರ್ಸು ಹಿಡಿದು ಹೊರಗೆ ಬಂದಿದ್ದರು. ವಸಿಷ್ಠ ಬಾಗಿಲಿಗೆ ಓಡಿಬಂದ. “ಅತ್ತೆ, ಎಲ್ಲಿಗೆ?” ಅವರು ಗೇಟಿನ ಅಗಳಿ ಹಾಕಿ ಹೊರಟೇಬಿಟ್ಟರು.

ಚನ್ನವೀರನೂ ಅವರ ಜೊತೆ ಬಸ್ ಸ್ಟಾಪಿನ ಕಡೆ ನಡೆದ. ವಿಮಲಾ ಅವರ ನಡಿಗೆಗೆ ಚನ್ನವೀರ ಹೆಜ್ಜೆ ಕೂಡಿಸಬೇಕಾಯಿತು. ತಿರುವಿನಲ್ಲಿ ಕಬ್ಬಿನ ಹಾಲಿನ ಗಾಣದವನು ಗೆಜ್ಜೆ ಸದ್ದು ಮಾಡುತ್ತ ಯಂತ್ರ ತಿರುಗಿಸುತ್ತಿದ್ದ. ಅದನ್ನು ದಾಟಿದ ಮೇಲೆ ಚನ್ನವೀರ ಅಂದ:

“ತಪ್ಪಾತ್ರಿ ಆಂಟಿ. ಮನಿ ವಿಷಯ ಅಂತ ಗೊತ್ತಿದ್ದಿಲ್ಲ ನನಗ.”

“ಮನೆ ವಿಷಯ ಬೇರೆ, ಆಟದ್ದು ಬೇರೆ. ಈಗೇನಂತೀಯ, ಮೀರಾ ಕಳ್ಳಿನಾ?”

ಚನ್ನವೀರ ತಲೆ ಕೆರೆದುಕೊಂಡ. ಒಪ್ಪಿಬಿಟ್ಟರೆ ಮುಗಿಯುತ್ತಿತ್ತು. “ಸಿಟ್ಟಾಗಬ್ಯಾಡ್ರಿ. ಅಕಿಗೆ ತಾನೇ ಹೆಂಗ ತುಂಬ್ತದ ಅನ್ನೋದಕ್ಕ ನನಗಿನ್ನೂ ಉತ್ತರ ಸಿಕ್ಕಿಲ್ಲ. ಆದ್ರ ಆ ಎಡಗೈದು ನಾ ನೋಡಿದ್ದಿಲ್ರಿ. ಮೊದಲನೇದು ಇನ್ನೊಮ್ಮಿ ಆಡಿ ನೋಡ್ತೀನಿ. ನೋಡಿ ಹೇಳ್ತೀನಿ.”

“ಹೂಂ. ನೋಡಿ ಹೇಳು,” ಎಂದರು ವಿಮಲಾ. ಬೆಳಗಿನಿಂದ ಅವರ ಜೊತೆ ಯಾರೂ ಇಷ್ಟು ಸರಿಯಾಗಿ ಮಾತಾಡಿರಲಿಲ್ಲ. ಇನ್ನೊಂದಿಷ್ಟು ದೂರ ನಡೆದ ಮೇಲೆ ಕೇಳಿದರು, “ನಿಮ್ಮ ಬಿಟಿಎಮ್ಮಲ್ಲಿ ಒಬ್ಬರು ಇರೋಂಥ ಮನೆ ಸಿಗುತ್ತೇನಪ್ಪ?”

“ಯಾರಿಗ್ರಿ?”

“ನಂಗೆ. ಪೆನ್ಶನ್ ಬರುತ್ತೆ ನಂಗೆ.”

ಚನ್ನವೀರ ನಡುಬೀದಿಯಲ್ಲೇ ನಿಂತುಬಿಟ್ಟ. ಹಿಂದಿನಿಂದ ಆಟೋದವನು ಹಾರನ್ ಹೊಡೆದ ಮೇಲೆ ಪಕ್ಕಕ್ಕೆ ಸರಿದ. “ನಮ್ಮ ಓನರ್ ಸಂಜೀವಯ್ಯನವರ ಮನಿ ಮ್ಯಾಲ ಒಂದು ರೂಮು ಖಾಲಿ ಐತಿ. ನೀರು ಒಂದಿನ ಬಿಟ್ಟು ಒಂದಿನ ಬರ್ತದ. ಮೆಟ್ಲ ಭಾಳ ಅದಾವ್ರಿ.”

“ಹತ್ತೋಕೆ ಬರುತ್ತೆ ನಂಗೆ.”

ಬಸ್ಸು ಬಂತು. ಸೀಟು ಸಿಗಲಿಲ್ಲ. ವಿಮಲಾ ದಾರಿಯುದ್ದಕ್ಕೂ ಕಂಬಿ ಹಿಡಿದು ನಿಂತರು. ಚಿಲ್ಲರೆ ಕೇಳಿದ ಕಂಡಕ್ಟರನನ್ನೂ ಗದರಿದರು.

ಸಂಜೀವಯ್ಯ ಪಂಚೆ ಬನಿಯನ್ನಿನಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದರು. ಚನ್ನವೀರ ವಿಷಯ ಹೇಳಿದಾಗ ವಿಮಲಾ ಅವರನ್ನು ಮೇಲಿನಿಂದ ಕೆಳಗೆ ನೋಡಿ, “ಒಬ್ಬರೇನಾ ಮೇಡಂ? ಮನೆಯವರು ಯಾರೂ...?” ಎಂದು ನಿಲ್ಲಿಸಿದರು.

“ಒಬ್ಬಳೇ.”

“ಮಕ್ಕಳು?”

“ಒಬ್ಬಳೇ ಅಂದೆನಲ್ಲ ಸಾರ್. ರೂಮು ತೋರಿಸ್ತೀರಾ?”

ರೂಮು ಟೆರೇಸಿನ ಮೇಲಿತ್ತು. ಹಿಂದಿದ್ದವರು ಗೋಡೆಗೆ ಹೊಡೆದ ಮೊಳೆಗಳು ಹಾಗೇ ಇದ್ದವು. ಮೂಲೆಯಲ್ಲಿ ಒಂದು ಸಣ್ಣ ಅಡುಗೆ ಕಟ್ಟೆ, ಅದರ ಮೇಲೆ ಯಾರೋ ಬಿಟ್ಟುಹೋದ ಒಂದು ಬೆಂಕಿಪೊಟ್ಟಣ. ಕಿಟಕಿಯಾಚೆ ಪಕ್ಕದ ಮನೆಯ ತಂತಿಯ ಮೇಲೆ ಸ್ಕೂಲ್ ಯೂನಿಫಾರ್ಮುಗಳು ಒಣಗುತ್ತಿದ್ದವು. ಸಂಜೀವಯ್ಯ ಸ್ವಿಚ್ಚು ಹಾಕಿ ತೋರಿಸಿದರು, ನಲ್ಲಿ ತಿರುಗಿಸಿ ತೋರಿಸಿದರು.

“ಒಂದ್ನಿಮಿಷ ಹೊರಗಿರ್ತೀರಾ?” ಎಂದರು ವಿಮಲಾ.

ಇಬ್ಬರೂ ಹೊರಗೆ ಹೋದರು. ವಿಮಲಾ ಬಾಗಿಲು ಮುಚ್ಚಿ ಒಳಗಿನ ಚಿಲಕವನ್ನು ತಳ್ಳಿದರು. ತುಕ್ಕು ಹಿಡಿದಿತ್ತು, ಸರಿಯಲಿಲ್ಲ. ಭುಜವನ್ನು ಬಾಗಿಲಿಗೆ ಕೊಟ್ಟು ಮತ್ತೆ ತಳ್ಳಿದಾಗ ಕಿರ್ರೆಂದು ತೂತಿನೊಳಗೆ ಹೋಗಿ ಕೂತಿತು. ಹೊರಗಿನಿಂದ ಸಂಜೀವಯ್ಯ, “ಎಲ್ಲಾ ಸರಿಯಾಗಿದ್ಯಾ ಮೇಡಂ?” ಎಂದು ಕೇಳಿದರು. “ಸರಿಯಾಗಿದೆ. ಚಿಲಕ ಒಳಗಿನಿಂದ ಬೀಳುತ್ತೆ,” ಎಂದರು ವಿಮಲಾ. ಅಂಗೈಗೆ ಹತ್ತಿದ್ದ ತುಕ್ಕಿನ ಪುಡಿಯನ್ನು ನೋಡಿಕೊಂಡು, ಖಾಲಿ ನೆಲದ ನಡುವೆ ನಿಂತೇ ಇದ್ದರು.