ಜಗಳದ ಕ್ಲಾಸು

ಮಗಳು ಬಾಗಿಲ ಚೌಕಟ್ಟಿಗೆ ಕೈ ಅಡ್ಡ ಇಟ್ಟು, "ಒಳಗೆ ಜಾಗ ಇಲ್ಲ" ಎಂದಳು. ಒಳಗೆ ಬೇಕಾದಷ್ಟು ಜಾಗವಿತ್ತು. ನಡುಮನೆಯಲ್ಲಿ ಅವಳ ಅಮ್ಮನನ್ನು ಮಲಗಿಸಿದ್ದ ಪೆಟ್ಟಿಗೆ, ಸುತ್ತ ಬಾಡಿಗೆಗೆ ತಂದ ಕುರ್ಚಿಗಳು. ಒಂದರಲ್ಲಿ ಸೋದರಮಾವ ಕುಳಿತಿದ್ದ, ಇನ್ನೊಂದರಲ್ಲಿ ಪಕ್ಕದ ಮನೆಯಾಕೆ. ಉಳಿದವೆಲ್ಲ ಖಾಲಿ. ಜಗಳಗಂಟಿ ಎಂದು ಬೀದಿಯುದ್ದಕ್ಕೂ ಹೆಸರಾದ ಹೆಂಗಸಿನ ಸಾವಿಗೆ ಜನವೇನು ಮುಗಿಬಿದ್ದು ಬರುತ್ತಾರೆಯೇ?

ಬಂದವರೆಂದರೆ ಮೆಟ್ಟಿಲ ಮೇಲೆ ನಿಂತಿದ್ದ ಈ ಏಳೆಂಟು ವಿದ್ಯಾರ್ಥಿಗಳು. ಪೋರ್ಚುಗೀಸ್ ಮನೆಮಾತಿನವರು, ಸಮುದ್ರ ದಾಟಿ ಇಲ್ಲಿನ ಯೂನಿವರ್ಸಿಟಿಗೆ ಓದಲು ಬಂದವರು. ಇಲ್ಲಿ ಪಾಠ, ಪರೀಕ್ಷೆ, ಸಂದರ್ಶನ ಎಲ್ಲವೂ ಇಂಗ್ಲಿಷಿನಲ್ಲಿ. ಆ ಇಂಗ್ಲಿಷನ್ನು ಅವರ ನಾಲಿಗೆಗೆ ಹತ್ತಿಸುವುದರಲ್ಲೇ ಅಮ್ಮನ ಆಯುಷ್ಯ ಸವೆದಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಸೋದರಮಾವ ತನ್ನ ಅಕ್ಕನನ್ನು ಹಳಿಯುತ್ತಿದ್ದುದು ಸುಮ್ಮನೆ ಅಲ್ಲ.

ಗುಂಪಿನ ಮುಂದೆ ಒಬ್ಬಳು ಗಿಡ್ಡ ಹುಡುಗಿ ನಿಂತಿದ್ದಳು. ಜೊತೆಯವರು ಅವಳನ್ನು ಮೆಣಸಿನಕಾಯಿ ಎಂದು ಕರೆಯುತ್ತಿದ್ದರು. ಹಾಗೆ ಹೆಸರಿಟ್ಟವಳೂ ಅಮ್ಮನೇ. ಜಾಗ ಇದೆ, ಇಲ್ಲಿಂದಲೇ ಕಾಣಿಸುತ್ತಿದೆ ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಮಗಳಿಗೂ ಇಂಗ್ಲಿಷ್ ಬರುತ್ತಿತ್ತು. ಅಮ್ಮ ಕಲಿಸಿದ್ದಲ್ಲ, ಅಮ್ಮನಿಗೆ ಅದಕ್ಕೆಲ್ಲಿ ಪುರುಸೊತ್ತು? ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ, ಬಂದವರ ಜೊತೆ ಮಾತಾಡಿ ಮಾತಾಡಿ ಕಲಿತದ್ದು.

"ಇದು ಮನೆಯವರಿಗೆ ಮಾತ್ರ," ಎಂದಳು ಮಗಳು.

ಅವಳಿಗೆ ಬೇಕಾಗಿದ್ದು ಹೆಚ್ಚೇನಲ್ಲ. ಇವತ್ತೊಂದು ದಿನ ಅಮ್ಮ ತನಗೊಬ್ಬಳಿಗೇ ಸಿಗಬೇಕು. ಬದುಕಿರುವಷ್ಟು ದಿನ ಇವರ ಪಾಲಾಗಿದ್ದವಳು, ಸತ್ತ ಮೇಲಾದರೂ ತನ್ನ ಪಾಲಾಗಲಿ. ಇಷ್ಟನ್ನೂ ಬಿಟ್ಟುಕೊಡಬೇಕೇನು ಇವರಿಗೆ?

"ಕಳಿಸು ಅವರನ್ನ," ಎಂದ ಸೋದರಮಾವ ಕುರ್ಚಿಯಿಂದಲೇ. "ಸ್ಮಶಾನಕ್ಕೆ ಹೋಗೋ ಗಾಡಿ ಬರೋ ಹೊತ್ತಾಯ್ತು. ಗಾಡೀಲಿ ಇವರ್‍ಯಾರೂ ಹತ್ತೋ ಹಾಗಿಲ್ಲ, ಈಗಲೇ ಹೇಳಿಬಿಡು."

*

ಅಪ್ಪ ಅಮ್ಮ ಬೇರೆಯಾದ ವರ್ಷ ಮಗಳಿಗೆ ಹದಿನಾರು. ಒಂದು ಸಂಜೆ ಬಟ್ಟೆಗಳನ್ನೆಲ್ಲ ಚೀಲಕ್ಕೆ ತುರುಕಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಪ್ಪನ ಮನೆಗೆ ಹೋಗುತ್ತೇನೆ ಎಂದಳು. ಎಂದು ಕಾದಳು. ಬಸ್ಸಿನವನ ಜೊತೆ, ಹಾಲಿನವನ ಜೊತೆ, ಆಫೀಸಿನ ಗುಮಾಸ್ತರ ಜೊತೆ ಗಂಟಲು ಹರಿಯುವಂತೆ ಜಗಳವಾಡುವ ಹೆಂಗಸು ತನ್ನ ಜೊತೆಗೂ ಆಡುತ್ತಾಳೆ, ಚೀಲ ಕಿತ್ತು ಮೂಲೆಗೆ ಎಸೆಯುತ್ತಾಳೆ ಎಂದುಕೊಂಡಿದ್ದಳು.

ಅಮ್ಮ ಕೈಯಲ್ಲಿದ್ದ ತಟ್ಟೆಯನ್ನು ಒರೆಸಿ ಇಟ್ಟಳು. "ಸರಿ," ಎಂದಳು. ಇನ್ನೊಂದು ತಟ್ಟೆ ತೆಗೆದುಕೊಂಡಳು.

ಆಮೇಲೆ ಬಂದು ಹೋಗುವುದೇನೋ ನಡೆಯಿತು. ಊಟ ಆಯ್ತಾ, ಆಯ್ತು. ಚಳಿ ಜಾಸ್ತಿ, ಹೌದು ಜಾಸ್ತಿ. ಒಮ್ಮೆ ಅಮ್ಮನ ಕನ್ನಡಕ ರಿಪೇರಿ ಮಾಡಿ ಕೊಡಲು ಯೂನಿವರ್ಸಿಟಿಗೆ ಹೋಗಿದ್ದಳು. ಕ್ಲಾಸಿನ ಬಾಗಿಲ ಗಾಜಿನಿಂದ ನೋಡಿದರೆ, ಅಮ್ಮ ಮೇಜು ಗುದ್ದಿ ಕೂಗುತ್ತಿದ್ದಳು, ಒಬ್ಬ ಹುಡುಗ ತಿರುಗಿ ಕೂಗುತ್ತಿದ್ದ, ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು. ಅಮ್ಮನ ಮುಖ ಬೆಳಗುತ್ತಿತ್ತು. ಮಗಳು ಬಾಗಿಲು ತಟ್ಟಲಿಲ್ಲ. ಕನ್ನಡಕವನ್ನು ಜವಾನನ ಕೈಗೆ ಕೊಟ್ಟು ಹೊರಟುಬಂದಳು.

*

ಮೆಣಸಿನಕಾಯಿ ಮೆಟ್ಟಿಲು ಇಳಿಯಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಒಳಗೆ ಬಿಡದಿರುವುದಕ್ಕೆ ಕಾರಣ ಹೇಳಬೇಕು, ಆ ನಿಯಮ ಮಾಡಿದವರು ಯಾರೆಂದೂ ಹೇಳಬೇಕು, ಅಲ್ಲಿಯವರೆಗೆ ತಾವು ಕದಲುವುದಿಲ್ಲ ಎಂದಳು. ಗದ್ದ ಎತ್ತಿದ್ದು, ಮಾತು ಮಾತಿಗೂ ಬೆರಳು ಆಡಿಸಿದ್ದು ಎಲ್ಲ ಥೇಟ್ ಅಮ್ಮನ ಹಾಗೇ. ಮಗಳಿಗೆ ಮೈಯೆಲ್ಲ ಉರಿಯಿತು.

"ಇದೆಲ್ಲಿ ಕಲಿತೆ?"

"ಕ್ಲಾಸಲ್ಲಿ."

ಅವಳು ಹೇಳಿದ್ದಿಷ್ಟು. ಮೇಡಂ ಮೊದಲ ದಿನವೇ ಪುಸ್ತಕ ಮುಚ್ಚಿಸಿದ್ದರು. ನಯವಾದ ಮಾತನ್ನು ಯಾರು ಬೇಕಾದರೂ ಕಲಿತಾರು, ಪರದೇಶದಲ್ಲಿ ಜಗಳವಾಡಲು ಬಾರದವನನ್ನು ಜನ ತುಳಿದು ಹಾಕುತ್ತಾರೆ ಎಂದಿದ್ದರು. ಆಮೇಲೆ ದಿನಕ್ಕೊಂದು ವೇಷ: ಒಂದು ದಿನ ಅವರು ಬಿಸಿನೀರು ಬಿಡದ ಮನೆ ಮಾಲೀಕ, ಇನ್ನೊಂದು ದಿನ ಪರವಾನಗಿ ಕಚೇರಿಯ ಸಿಡುಕಿನ ಗುಮಾಸ್ತ. ಮತ್ತೊಂದು ದಿನ, ಕೈಯೆತ್ತಿದರೂ ನೋಡದ ಪ್ರೊಫೆಸರು. ಅವರ ಬಾಯಿ ಕಟ್ಟುವವರೆಗೂ ಬಿಡದೆ ವಾದಿಸಬೇಕು. ಹಾಗೆ ಗೆದ್ದವನಿಗೇ ಪಾಸು.

"ಜಗಳ ಕಲಿಸೋಕೆ ಸಂಬಳ ಬೇರೆ," ಎಂದ ಸೋದರಮಾವ. ಪಕ್ಕದ ಮನೆಯಾಕೆ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಕ್ಕಳು.

ಮಗಳು ನಗಲಿಲ್ಲ. "ನಿಮ್ಮ ಜೊತೆ ಇಷ್ಟೆಲ್ಲ ಆಡಿದ್ಲಾ?" ಎಂದಳು. ಮಾತು ತಾನಾಗಿ ಜಾರಿತ್ತು. "ನನ್ನ ಜೊತೆ ಒಂದೇ ಒಂದು ಜಗಳಾನೂ ಆಡಲಿಲ್ಲ."

ಹಿಂದಿದ್ದ ಹುಡುಗನೊಬ್ಬ ಮೆಣಸಿನಕಾಯಿಯ ತೋಳು ಹಿಡಿದು ತಮ್ಮ ಭಾಷೆಯಲ್ಲಿ ಏನೋ ಹೇಳಿದ. ಬೇಡ ಎಂಬಂತಿತ್ತು. ಅವಳು ತೋಳು ಬಿಡಿಸಿಕೊಂಡಳು.

"ಆ ಜಗಳಾನೂ ಆಗಿದೆ," ಎಂದಳು. "ಮಗಳಾಗಿದ್ದು ನಾನು."

ಕಳೆದ ಟರ್ಮಿನಲ್ಲಿ ಮೇಡಂ ಒಂದು ದಿನ ಬಂದು, ಇವತ್ತು ನಾನು ಮಾಲೀಕ ಅಲ್ಲ, ಅಮ್ಮ; ನೀನು ಚೀಲ ಹಿಡಿದು ಮನೆ ಬಿಡುತ್ತಿದ್ದೀಯ, ಶುರು ಮಾಡು ಎಂದಿದ್ದರಂತೆ.

ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಮಗಳು ಹುಡುಗಿಯ ಭುಜಕ್ಕೆ ಕೈ ಹಾಕಿ ನೂಕಿದ್ದಳು. "ನನ್ನ ಜಗಳಾನ ನೀವು ಆಡಿಬಿಟ್ರಾ? ಅದನ್ನೂ ಬಿಡಲಿಲ್ವಾ ನನಗೆ?"

ಹುಡುಗಿ ಎರಡು ಮೆಟ್ಟಿಲು ಕೆಳಗೆ ಮುಗ್ಗರಿಸಿದಳು. ಕೋಟು ಸರಿಮಾಡಿಕೊಂಡು ಮತ್ತೆ ಹತ್ತಿ ಬಂದು ಅದೇ ಜಾಗದಲ್ಲಿ ನಿಂತಳು. ಒಳಗೆ ಸೋದರಮಾವ ಎದ್ದು ನಿಂತಿದ್ದ.

"ಏನಂದ್ಲು?" ಎಂದಳು ಮಗಳು. "ಅಮ್ಮ ಏನಂದ್ಲು ಹೇಳು."

"ನನ್ನ ಮಾತಲ್ಲಿ ಬರಲ್ಲ. ಅವರ ಥರಾನೇ ಹೇಳ್ತೀನಿ."

ಹುಡುಗಿ ಉಸಿರೆಳೆದುಕೊಂಡಳು. ಆಮೇಲೆ ಬಂದ ದನಿ ಅಷ್ಟು ಸಣ್ಣ ಮೈಯಿಂದ ಬರುವಂಥದ್ದಲ್ಲ.

"ಹೋಗ್ತೀಯಾ? ಹೋಗು. ಬೈದು ಹೋಗು. ನಿಮ್ಮಪ್ಪನ ಥರ ತುಟಿ ಬಿಗಿದು ನಿಂತ್ಕೋಬೇಡ. ನೀನು ಒಂದು ಮಾತು ಅಂದಿದ್ರೆ ನಾನು ಹತ್ತು ಅಂತಿದ್ದೆ, ಆ ಚೀಲ ಕಿತ್ತು ಬಿಸಾಡ್ತಿದ್ದೆ. ನೀನು ಗೋಡೆ ಹಾಗೆ ನಿಂತಿದ್ದೆ. ನಾನೇ ಮೊದಲು ಸೋಲಬೇಕಿತ್ತಾ?"

"ಹೌದು!" ಮಗಳ ಇಂಗ್ಲಿಷ್ ಹಾರಿಹೋಯಿತು, ಮನೆಮಾತು ನುಗ್ಗಿ ಬಂತು. "ನೀನೇ ಸೋಲಬೇಕಿತ್ತು! ನಾನು ಹದಿನಾರು ವರ್ಷದವಳು, ನೀನು ತಾಯಿ. ತಟ್ಟೆ ಒರೆಸ್ಕೊಂಡು ನಿಂತ್ಯಲ್ಲ, ನಾನೇನು ನಿನಗೆ ಬಾಡಿಗೆಗೆ ಇದ್ದವಳಾ?"

ಹುಡುಗಿಗೆ ಮಾತು ಅರ್ಥವಾಗಿರಲಾರದು. ಆದರೆ ಜಗಳದ ವರಸೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಣ್ಣು ಕದಲಿಸದೆ, ಮುಂದೆ ಹೇಳು, ಇಷ್ಟೇನಾ ನಿನ್ನ ಕೋಪ ಎಂದು ಕೆಣಕಿದಳು.

"ಹೆಣ ಮನೇಲಿಟ್ಕೊಂಡು ಇದೇನು ನಾಟಕ," ಎಂದ ಸೋದರಮಾವ. "ಒಳಗೆ ಬಾ. ಜನ ನೋಡ್ತಾರೆ."

"ನೀವು ಬಾಯಿ ಮುಚ್ಕೊಂಡಿರಿ ಮಾವ," ಎಂದಳು ಮಗಳು ತಿರುಗಿ ನೋಡದೆ. ಮಾವನ ಎದುರು ಅವಳು ದನಿ ಎತ್ತಿದ್ದು ಅದೇ ಮೊದಲು. ಅವನು ಹಾಗೇ ಕುರ್ಚಿಗೆ ಕುಸಿದ.

ಅಷ್ಟರಲ್ಲಿ ಗಾಡಿ ಬಂತು. ಬಂದ ಆಳುಗಳು ಅವರಿಬ್ಬರನ್ನೂ ಬಾಗಿಲಿಂದ ಸರಿಸಿ, ಪೆಟ್ಟಿಗೆಯನ್ನು ಹೊತ್ತು ತಂದು ಗಾಡಿಯ ಹಿಂಭಾಗಕ್ಕೆ ಜಾರಿಸಿದರು. ಸೋದರಮಾವ ಮುಖ ಗಂಟಿಕ್ಕಿಕೊಂಡು ಚಾಲಕನ ಪಕ್ಕ ಹತ್ತಿದ. ವಿದ್ಯಾರ್ಥಿಗಳು ನಡೆದೇ ಬರುವವರಂತೆ ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದರು.

ಮಗಳು ಮೆಣಸಿನಕಾಯಿಯ ಮಣಿಕಟ್ಟು ಹಿಡಿದಳು. "ಹತ್ತು."

"ಮನೆಯವರಿಗೆ ಮಾತ್ರ ಅಂದ್ರಲ್ಲ."

"ಹತ್ತು ಅಂದೆ. ನಂದಿನ್ನೂ ಮುಗಿದಿಲ್ಲ."

ಗಾಡಿ ಬೀದಿಯಲ್ಲಿ ನಿಧಾನವಾಗಿ ಸಾಗಿತು. ಅಂಗಡಿಗಳ ಮುಂದಿದ್ದವರು ಮಾತು ನಿಲ್ಲಿಸಿ, ಮುಖ ಸಪ್ಪಗೆ ಮಾಡಿಕೊಂಡು ಗಾಜಿನೊಳಗೆ ಇಣುಕಿ ನೋಡಿದರು. ಪೆಟ್ಟಿಗೆಯ ಆಚೆಗೊಬ್ಬಳು, ಈಚೆಗೊಬ್ಬಳು. ಒಬ್ಬಳು ಪೆಟ್ಟಿಗೆಯ ಮೇಲೆ ಬಗ್ಗಿ ಇನ್ನೊಬ್ಬಳ ಮುಖಕ್ಕೆ ಬೆರಳು ತಿವಿಯುತ್ತಿದ್ದಳು, ಕಣ್ಣೀರು ಗದ್ದಕ್ಕೆ ಇಳಿಯುತ್ತಿದ್ದರೂ ಒರೆಸಿಕೊಳ್ಳಲು ಪುರುಸೊತ್ತಿರಲಿಲ್ಲ. ಇನ್ನೊಬ್ಬಳು ಕತ್ತು ಎತ್ತಿ ಅಷ್ಟೇ ಜೋರಾಗಿ ಉತ್ತರ ಕೊಡುತ್ತಿದ್ದಳು. ಚೌಕದಲ್ಲಿ ಕೆಂಪು ದೀಪ ಬಿದ್ದಾಗ ಚಾಲಕ ಹಿಂದಕ್ಕೆ ತಿರುಗಿದವನು, ದೀಪ ಹಸಿರಾಗಿ ಹಿಂದಿನ ಗಾಡಿಗಳು ಹಾರ್ನ್ ಬಡಿಯುತ್ತಿದ್ದರೂ, ಬಾಯಿ ತೆರೆದುಕೊಂಡು ಅವರನ್ನೇ ನೋಡುತ್ತ ಕುಳಿತಿದ್ದ.