ಮಗುಚಮ್ಮ ಕಂಡ ಒಳಮೈ

ಯಾವ ವಸ್ತುವನ್ನೂ ಆಕೆ ಅದು ನೆಟ್ಟಗಿರುವಾಗ ನೋಡಿ ಒಪ್ಪಿದವರಲ್ಲ. ಕುರ್ಚಿ ಕಂಡರೆ ತಲೆಕೆಳಗು ಮಾಡುವರು, ಮೇಜು ಕಂಡರೆ ಮಂಡಿಯೂರಿ ಅದರ ಹೊಟ್ಟೆಯ ಕಡೆ ಇಣುಕುವರು, ಅಂಗಿಯೊಂದು ಕೈಗೆ ಸಿಕ್ಕರೆ ಒಳಮೈ ಹೊರಗೆ ಮಾಡಿ, ಕುರುಡರು ಮುಖ ಗುರುತಿಸುವ ಹಾಗೆ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸುವರು. ಬೀದಿಯ ಕೊನೆಯ ಮನೆಗೆ ಹೊಸ ಸೋಫಾ ಬಂದ ದಿನ, ನೋಡಲು ಹೋದವರೆಲ್ಲ ಅದರ ಮೇಲೆ ಕುಳಿತು, ಕುಪ್ಪಳಿಸಿ, ಬಣ್ಣವನ್ನು ಹೊಗಳುತ್ತಿದ್ದರೆ, ಇವರು ನೆಲಕ್ಕೆ ಕೆನ್ನೆ ಹಚ್ಚಿ ಅಡಿಭಾಗವನ್ನು ಬಹಳ ಹೊತ್ತು ಪರಾಂಬರಿಸಿ, ಎದ್ದು ಧೂಳು ಒರೆಸಿಕೊಂಡು, ಯಜಮಾನಿಯ ಕಡೆ ಕನಿಕರದಿಂದ ತಿರುಗಿ, ಎರಡು ವರ್ಷ ಬಂದರೆ ಹೆಚ್ಚು ಎಂದರಂತೆ. ಅದು ಒಂದೂವರೆ ವರ್ಷಕ್ಕೇ ಕುಸಿಯಿತು. ತಮ್ಮ ಅಂದಾಜು ಆರು ತಿಂಗಳು ತಪ್ಪಿತಲ್ಲ ಎಂದು ಕೊರಗಿದವರು ಇಡೀ ಬೀದಿಯಲ್ಲಿ ಇವರೊಬ್ಬರೇ.

ಮಗುಚಮ್ಮ ಎಂಬ ಹೆಸರಿಟ್ಟವನು ಎದುರು ಸಾಲಿನ ಟೈಲರ್. ಅಡುಗೆಮನೆಯಲ್ಲಿ ಮಗುಚುವ ಕೈ ಎಂದೊಂದು ಸಾಮಾನಿದೆಯಷ್ಟೆ. ದೇವರು ಈಕೆಯ ಎರಡು ತೋಳಿಗೂ ಅದನ್ನೇ ಜೋಡಿಸಿ ಕಳಿಸಿದ್ದಾನೆ ಎಂಬುದು ಅವನ ಸಿದ್ಧಾಂತ. ಇಪ್ಪತ್ತೆಂಟು ವರ್ಷಗಳಿಂದ ಕೋಟು ಹೊಲಿಯುತ್ತ ಬಂದಿದ್ದ ಅವನಿಗೆ ತನ್ನ ಬಗ್ಗೆ ಒಂದು ಭವ್ಯವಾದ ಅಭಿಪ್ರಾಯವಿತ್ತು. ಅದಕ್ಕೆ ಸುಕ್ಕು ಬೀಳದಂತೆ ದಿನವೂ ಇಸ್ತ್ರಿ ಮಾಡಿ ಇಟ್ಟುಕೊಳ್ಳುತ್ತಿದ್ದ. ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ಅಳತೆ ಅವನ ಕಣ್ಣಿಗೆ ಬಂದುಬಿಡುತ್ತದಂತೆ. ಕತ್ತಿನಲ್ಲಿ ನೇತಾಡುವ ಟೇಪು ಕೇವಲ ಗಿರಾಕಿಯ ಸಮಾಧಾನಕ್ಕಾಗಿ. ಮನೆಯಲ್ಲಿ ಹೊಲಿಯುವವರನ್ನು ಅವನು ‘ಹವ್ಯಾಸಿಗಳು’ ಎನ್ನುವಾಗ ಮೊದಲಕ್ಷರಕ್ಕೆ ಎಷ್ಟು ಉಸಿರು ಖರ್ಚು ಮಾಡುತ್ತಿದ್ದನೆಂದರೆ ಎದುರಿಗಿದ್ದ ಸೀಮೆಸುಣ್ಣದ ಪುಡಿ ಹಾರುತ್ತಿತ್ತು.

ಮಗುಚಮ್ಮ ನೀರು ಸರಬರಾಜು ಕಚೇರಿಯಲ್ಲಿ ಬೆರಳಚ್ಚುಗಾರ್ತಿ. ಹಗಲೆಲ್ಲ ಇತರರ ಪತ್ರಗಳನ್ನು ತಪ್ಪಿಲ್ಲದೆ ಒತ್ತಿ, ಸಂಜೆ ರಸ್ತೆಯ ಅಂಚು ಹಿಡಿದು, ತಲೆ ತಗ್ಗಿಸಿ, ಒಂದು ಭುಜವನ್ನು ಮುಂದೆ ಮಾಡಿ, ಗೋಡೆಗಳೊಡನೆ ಏನೋ ಗುಟ್ಟಿನ ವ್ಯವಹಾರ ಇರುವವರಂತೆ ಓರೆಯಾಗಿ ನಡೆದು ಬರುವರು. ಯಾರೋ ಹೊರಗೆಸೆದ ಸ್ಟೂಲಿನ ಬಳಿ ಆ ನಡಿಗೆ ತಾನಾಗಿ ನಿಧಾನವಾಗುತ್ತಿತ್ತು. ಬೀದಿಯವರಿಗೆ ಇದು ಎಷ್ಟು ಅಭ್ಯಾಸವಾಗಿತ್ತೆಂದರೆ, ಹಳೆಯ ಸಾಮಾನು ಎಸೆಯುವಾಗ ಅದರ ಕಾಲು ಮೇಲೆ ಮಾಡಿಯೇ ಇಡುತ್ತಿದ್ದರು. ಪಾಪ, ಆಕೆಗೊಂದು ಶ್ರಮ ಉಳಿಯಲಿ ಎಂದು. ಕೊನೆಗೆ ಟೈಲರ್ ಅಂಗಡಿಯ ಮುಂದೆ ನಿಂತು ಅಂದಿನ ಚಿಂದಿಯ ಚೀಲ ಕೇಳುವರು. ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ, ದಾನಶೂರನ ಮುಖ ಮಾಡಿ ಕೊಡುವನು. ಹೀಗೆ ಒಂಬತ್ತು ವರ್ಷ ನಡೆದಿತ್ತು. ಆ ಚಿಂದಿ ಏನಾಗುತ್ತದೆಂದು ಅವನು ಒಮ್ಮೆಯೂ ಕೇಳಿರಲಿಲ್ಲ.

ಒಂದು ಶುಕ್ರವಾರ ಡ್ರಿಲ್ ಮೇಷ್ಟ್ರು ಒಂದು ಕಪ್ಪು ಉಣ್ಣೆಯ ಕೋಟು ತಂದರು. ಅವರ ತಂದೆ ರೈಲಿನ ಗಾರ್ಡ್ ಆಗಿದ್ದವರು, ತೀರಿಕೊಂಡು ವರ್ಷವಾಗಿತ್ತು, ಕೋಟು ಅವರದು. ಮೇಷ್ಟ್ರ ಕೈಗಳು ಕವಾಯತು ಮಾಡಿ ಮಾಡಿ ಉದ್ದವಾದವೋ, ಉದ್ದವಿದ್ದದ್ದರಿಂದ ಕವಾಯತಿಗೆ ಹೋದವೋ ತಿಳಿಯದು, ಅಂತೂ ತೋಳು ಸಾಲುತ್ತಿರಲಿಲ್ಲ. ಆ ಹೊತ್ತಿಗೆ ಟೈಲರ್ ಇನ್ನೊಬ್ಬ ಗಿರಾಕಿಗೆ ತನ್ನ ಕತ್ತರಿ ಇಷ್ಟು ವರ್ಷದಲ್ಲಿ ಒಮ್ಮೆಯೂ ದಾರಿ ತಪ್ಪಿಲ್ಲವೆಂಬ ಕಥೆಯನ್ನು ಹೇಳುತ್ತ ಅದರ ಉತ್ತಮ ಭಾಗಕ್ಕೆ ಬಂದಿದ್ದ. ಮೇಷ್ಟ್ರು ಕೋಟನ್ನು ಮೇಜಿನ ಮೇಲಿಟ್ಟು, ತೋಳಿನ ಅಂಚನ್ನು ಹಿಡಿದು ತೋರಿಸಿ ಹೇಳಿದರು:

“ಎರಡು ಬೆರಳು ಬಿಟ್ಟುಬಿಡಿ, ಸಾಕು.”

ಈ ‘ಬಿಡು’ ನಮ್ಮ ಭಾಷೆಯ ಅತ್ಯಂತ ನಂಬಲನರ್ಹವಾದ ಕ್ರಿಯಾಪದ. ಗಿಡ ಹೂ ಬಿಟ್ಟರೆ ಇಲ್ಲದ್ದು ಬಂತು ಎಂದರ್ಥ. ಮನುಷ್ಯ ಕೆಲಸ ಬಿಟ್ಟರೆ ಇದ್ದದ್ದು ಹೋಯಿತು ಎಂದರ್ಥ. ದರ್ಜಿಯ ಕಸುಬಿನಲ್ಲಿ ಬಿಡುವುದೆಂದರೆ ಒಳಮಡಿಕೆ ಬಿಚ್ಚಿ ಉದ್ದ ಮಾಡುವುದು, ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕಥೆಯ ಭರದಲ್ಲಿದ್ದ ಅವನ ಕಿವಿಗೆ ಬಿದ್ದದ್ದು, ಅಷ್ಟನ್ನು ಬಿಟ್ಟು ಉಳಿದದ್ದನ್ನು ಇಟ್ಟುಕೊ ಎಂಬುದು. ಸಂಜೆ ಅಂಗಡಿ ಮುಚ್ಚುವ ಮೊದಲು ಎರಡು ತೋಳನ್ನೂ ಎರಡೆರಡು ಬೆರಳು ಕತ್ತರಿಸಿ ಹಾಕಿದ. ಮಗುಚಮ್ಮ ಬಂದರು, ಚೀಲ ಒಯ್ದರು.

ಶನಿವಾರ ಬೆಳಿಗ್ಗೆ ಮೇಷ್ಟ್ರು ಶಾಲೆಗೆ ಹೋಗುತ್ತ ಅಂಗಡಿಯ ಮುಂದೆ ಒಂದು ಕ್ಷಣ ನಿಂತು, ತಮ್ಮ ಮಣಿಕಟ್ಟನ್ನು ಎತ್ತಿ ತೋರಿಸಿದರು.

“ಜಾಸ್ತಿ ಉದ್ದ ಬೇಡಪ್ಪ, ಈ ಮೂಳೆ ಮುಚ್ಚಿದ್ರೆ ಸಾಕು. ಸೋಮವಾರ ಮಗಳಿಗೆ ಡಿಗ್ರಿ ಕೊಡ್ತಾರೆ. ಅಪ್ಪ ನೋಡೇ ನೋಡ್ತೀನಿ ಅಂತಿದ್ರು. ಅವರಂತೂ ಇಲ್ಲ, ಕೋಟಾದ್ರೂ ಬರ್ಲಿ.”

ಟೈಲರ್ ನಕ್ಕ, ನಗದೆ ಬೇರೆ ದಾರಿ ಇರಲಿಲ್ಲ. ಮೇಷ್ಟ್ರು ಮರೆಯಾದ ಮೇಲೆ ಕೋಟನ್ನು ಕೈಗೆತ್ತಿಕೊಂಡು ತೋಳಿಗೆ ಟೇಪು ಹಿಡಿದು ನೋಡಿದ. ಅಂಥ ಬಟ್ಟೆ ಈಗ ಯಾವ ಅಂಗಡಿಯಲ್ಲೂ ಇಲ್ಲ. ಇದ್ದರೂ, ಸತ್ತವರು ತೊಟ್ಟು ಸವೆಸಿದ ಬಟ್ಟೆಯನ್ನು ಯಾರು ನೇಯುತ್ತಾರೆ? ಕತ್ತರಿಸಿದ ತುಂಡುಗಳಾದರೂ ಇದ್ದರೆ ಏನಾದರೂ ಮಾಡಬಹುದಿತ್ತು. ಅವು ಹವ್ಯಾಸಿಯ ಮನೆ ಸೇರಿದ್ದವು. ಮಧ್ಯಾಹ್ನ ಅವರ ಕಚೇರಿ ಬಿಡುವ ಹೊತ್ತು ನೋಡಿಕೊಂಡು, ಗಿರಾಕಿಯೊಬ್ಬರ ಗುಂಡಿ ಚಿಂದಿಯಲ್ಲಿ ಬಿದ್ದುಹೋಗಿದೆ ಎಂಬ ಸುಳ್ಳೊಂದನ್ನು ಹೆಣೆದುಕೊಂಡು, ಒಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಅವನು ರಸ್ತೆ ದಾಟಿದ.

ಬಾಗಿಲು ತೆರೆದವರು ಮಗುಚಮ್ಮನ ಗಂಡ, ಬಸ್ ಕಂಡಕ್ಟರು. “ಮುಂದೆ ಬನ್ನಿ, ಮುಂದೆ ಬನ್ನಿ, ಒಳಗೆ ಜಾಗ ಇದೆ” ಎಂದರು, ಅಭ್ಯಾಸಬಲದಿಂದ. ಜಾಗವೇನೂ ಇರಲಿಲ್ಲ. ಆದರೆ ಒಳಗೆ ಕಾಲಿಟ್ಟ ಟೈಲರ್ ಹೇಳಿಕೊಳ್ಳಬೇಕಾದ ಸುಳ್ಳನ್ನೇ ಮರೆತ. ಊಟದ ಮೇಜು ಹಿಂದೊಮ್ಮೆ ಬಾಗಿಲಾಗಿತ್ತು. ಬೀಗದ ಕಿಂಡಿಯನ್ನು ಮುಚ್ಚದೆ ಹಾಗೆಯೇ ಬಿಟ್ಟು, ಮರವನ್ನು ಉಜ್ಜಿ ಉಜ್ಜಿ ಜೇನಿನ ಬಣ್ಣಕ್ಕೆ ತಂದಿದ್ದರು. ಕಾಲು ಮುರಿದ ತೊಟ್ಟಿಲೊಂದು ಗೋಡೆಗೊರಗಿದ ಆಸನವಾಗಿತ್ತು. ಕಪಾಟಿಲ್ಲದ ಡ್ರಾಯರುಗಳು ಗೋಡೆಯೇರಿ ಪುಸ್ತಕ ಹೊತ್ತಿದ್ದವು. ಕಂಡಕ್ಟರರ ಹಳೆಯ ಖಾಕಿ ಪ್ಯಾಂಟುಗಳು ದಿಂಬಿನ ಚೀಲಗಳಾಗಿ, ಜೇಬುಗಳನ್ನು ಮಾತ್ರ ಉಳಿಸಿಕೊಂಡು, ಅವುಗಳಲ್ಲಿ ಕನ್ನಡಕ ಮತ್ತು ದಿನಪತ್ರಿಕೆ ಇಟ್ಟುಕೊಂಡು ಕೂತಿದ್ದವು. ಕಿಟಕಿಯ ಪರದೆಯ ಮುಂದೆ ಟೈಲರ್ ಸ್ತಬ್ಧನಾಗಿ ನಿಂತ. ಅಂಗೈಯಷ್ಟೂ ಅಗಲವಿಲ್ಲದ ನೂರಾರು ತುಂಡುಗಳು, ಬೂದು ಬೂದಿಗೆ, ನೀಲಿ ನೀಲಿಗೆ ಕರಗುತ್ತ, ಮುಂಜಾವಿನ ಆಕಾಶದಂತೆ ಮೇಲಿನಿಂದ ಕೆಳಗೆ ಇಳಿದಿದ್ದವು. ಒಂದೊಂದೂ ಅವನ ಅಂಗಡಿಯ ಕಸ. ಆ ನೀಲಿ ಯಾವ ಮದುಮಗನ ಸೂಟಿನದು, ಆ ಬೂದು ಯಾವ ವಕೀಲರದು ಎಂದು ಅವನಿಗೆ ಹೆಸರು ಸಹಿತ ನೆನಪಾಯಿತು.

ಕಂಡಕ್ಟರರು ಮನೆಯನ್ನು ಪರಿಚಯಿಸುತ್ತಲೇ ಇದ್ದರು. ಊಟಕ್ಕೆ ಮೊದಲು ಬಾಗಿಲು ತಟ್ಟಿ ಕೂರುವ ಮನೆ ಊರಿಗೆಲ್ಲ ಇದೊಂದೇ ಎಂದರು. “ಅರ್ಧ ಗಂಟೆ ಅಲ್ಲಾಡ್ದೆ ಕೂತ್ರೆ ನನಗೂ ಒಂದು ಕವರ್ ಹೊಲಿದುಬಿಡ್ತಾಳೆ ಸ್ವಾಮಿ. ಅದಕ್ಕೇ ಆಗಾಗ ಕೆಮ್ತಾ ಇರ್ತೀನಿ.”

ಮಗುಚಮ್ಮ ನೆಲದ ಮೇಲೆ ಕುಳಿತು ಕುರ್ಚಿಯೊಂದಕ್ಕೆ ಬಟ್ಟೆ ಬಿಗಿಯುತ್ತಿದ್ದರು. ತುಟಿಗಳ ನಡುವೆ ಐದಾರು ಗುಂಡುಸೂಜಿ. ಸೂಜಿ ಕಚ್ಚಿಕೊಂಡ ಬಾಯಿಗೆ ಪ, ಬ, ಮ ಅಕ್ಷರಗಳು ದಕ್ಕುವುದಿಲ್ಲ. ಆ ಮನೆಯವರು ತುಟಿಯಕ್ಷರಗಳಿಲ್ಲದ ಕನ್ನಡವನ್ನೇ ವರ್ಷಗಟ್ಟಲೆ ಕೇಳಿ ಪಳಗಿದ್ದರು. ಏನನ್ನಾದರೂ ಬಿಡಿ ಎಂದರೆ ಅದು ‘ಇಡಿ’ ಎಂದೇ ಹೊರಡುತ್ತಿತ್ತು. ಹಾಗಾಗಿಯೇ ಈ ಮನೆಯಿಂದ ಇದುವರೆಗೆ ಒಂದು ಮೊಳೆಯೂ ಹೊರಗೆ ಹೋಗಿಲ್ಲ ಎಂದು ಕಂಡಕ್ಟರರ ದೂರು.

ಟೈಲರ್ ಗುಂಡಿಯ ಸುಳ್ಳನ್ನು ಆರಂಭಿಸಿದ. ಅವರು ಸೂಜಿಗಳನ್ನು ಒಂದೊಂದಾಗಿ ತೆಗೆದು ರವಿಕೆಯ ತೋಳಿಗೆ ಚುಚ್ಚಿಕೊಂಡು, ಮೇಜಿನ ಮೇಲೆ ಬೇರೆಯಾಗಿ ತೆಗೆದಿರಿಸಿದ್ದ ಎರಡು ಕಪ್ಪು ತುಂಡುಗಳನ್ನು ಅವನ ಮುಂದೆ ಇಟ್ಟರು.

“ಇದು ಚಿಂದಿ ಅಲ್ಲ ಟೈಲರಣ್ಣ, ಯಾರದೋ ತೋಳು. ಒಂದೇ ಕತ್ತರಿಸಿದ್ರೆ ಕೈ ತಪ್ಪು ಅನ್ಕೋತಿದ್ದೆ. ಎರಡೂ ಒಂದೇ ಅಳತೆ. ಹಾಗಾದ್ರೆ ತಪ್ಪಿರೋದು ಕಿವಿ.”

ಇಪ್ಪತ್ತೆಂಟು ವರ್ಷದ ಇಸ್ತ್ರಿ ಒಂದೇ ಕ್ಷಣದಲ್ಲಿ ಸುಕ್ಕಾಯಿತು. ಅವನು ತೊಟ್ಟಿಲಿನ ಮೇಲೆ ಕುಸಿದು ಎಲ್ಲವನ್ನೂ ಹೇಳಿದ: ಗಾರ್ಡ್ ತಂದೆ, ಮೊಮ್ಮಗಳ ಡಿಗ್ರಿ, ನಾಳೆ ಸಂಜೆ ಬಂದು ಕೋಟು ಒಯ್ಯಲಿರುವ ಮೇಷ್ಟ್ರು. ಹೇಳುತ್ತ ಹೇಳುತ್ತ ಅವರನ್ನು ಅಕ್ಕ ಎಂದು ಕರೆಯುತ್ತಿದ್ದೇನೆಂಬುದು ಅವನಿಗೇ ತಿಳಿಯಲಿಲ್ಲ. ಅವರು ಸಮಾಧಾನವನ್ನೂ ಹೇಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಕೋಟು ತನ್ನಿ, ಇನ್ನೊಂದು ಸಾಲು ಅದರಲ್ಲಿದೆಯೋ ನೋಡೋಣ ಎಂದರು.

ಯಾವ ಸಾಲು ಎಂದು ಅವನಿಗೆ ಅರ್ಥವಾದದ್ದು ಕೋಟು ಬಂದು, ಒಳಮೈ ಹೊರಗಾಗಿ, ಕಿಟಕಿಯ ಬೆಳಕಿಗೆ ಹಿಡಿಯಲ್ಪಟ್ಟ ಮೇಲೆ. ಅದಕ್ಕೂ ಮೊದಲು ಅವರು ಒಂದು ತಾಸು ಏನೂ ಮಾಡಲಿಲ್ಲ. ರೋಗಿಯನ್ನು ನೋಡಲು ಬಂದ ದೂರದ ಸಂಬಂಧಿಯಂತೆ ಕೋಟಿನ ಎದುರು ಸುಮ್ಮನೆ ಕುಳಿತಿದ್ದರು. ಅಸ್ತರಿನಡಿಯಲ್ಲಿ ಮೊಣಕೈಗೆ ಯಾರೋ ತೇಪೆ ಹಾಕಿದ್ದರು, ಕಂಕುಳಲ್ಲಿ ಎರಡು ಬಾರಿ ಹೊಲಿಗೆ ಬಿಟ್ಟು ಕೂಡಿಕೊಂಡಿತ್ತು. ಟೈಲರ್ ಒಂದು ದೊಡ್ಡ ಪೂರ್ಣವಸ್ತುವನ್ನು ಕೆಡಿಸಿದೆನೆಂದು ಕೊರಗುತ್ತಿದ್ದರೆ, ಈ ಕೋಟು ಮೂರು ಸಲ ಸತ್ತು ಬದುಕಿದ್ದಾಗಿದೆ, ಅದಕ್ಕೇನೂ ಗಾಬರಿಯಿಲ್ಲ ಎಂದರು. ಆಮೇಲೆ ತೋಳಿನ ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿದು ಅವನನ್ನು ಹತ್ತಿರ ಕರೆದರು. ಅಂಚಿನ ಉದ್ದಕ್ಕೂ ಸಾಸಿವೆಗಿಂತ ಸಣ್ಣ ಸೂಜಿತೂತುಗಳ ಒಂದು ಸಾಲು. ತುಂಡಿನ ಅಂಚಿನಲ್ಲಿ ಇನ್ನೊಂದು ಸಾಲು. ಒಂದು ಕಾಲಕ್ಕೆ ಅಲ್ಲಿ ಗಾರ್ಡಿನ ಸಮವಸ್ತ್ರದ ಪಟ್ಟಿ ಇತ್ತು. ಅದರ ಎರಡು ಅಂಚುಗಳ ಹೊಲಿಗೆಯ ಗುರುತು ಅದು. ಟೈಲರನ ಕತ್ತರಿ ಸರಿಯಾಗಿ ಆ ಎರಡರ ನಡುವೆ ಹಾದುಹೋಗಿತ್ತು.

“ಕಿತ್ತಿಲ್ಲ ನೋಡಿ. ಒಂದೊಂದೇ ದಾರ ಬಿಚ್ಚಿದಾರೆ. ಬೇಕಾದವರ ಕೈ ಇದು.”

ಅಷ್ಟು ವರ್ಷದಲ್ಲಿ ಸಾವಿರಾರು ಕೋಟುಗಳನ್ನು ಬಿಚ್ಚಿದ ಟೈಲರ್, ಬಿಚ್ಚಿದ ಗುರುತಿನಲ್ಲಿ ಕೈಯ ಸ್ವಭಾವ ಉಳಿಯುತ್ತದೆಂಬುದನ್ನು ಅಂದು ಮೊದಲು ಕಂಡ.

ಜೋಡಣೆಯ ಮೇಲೆ ಮತ್ತೆ ಕೂರಬೇಕಾದ ಪಟ್ಟಿಗೆ ಅವರು ಪೇಟೆಗೆ ಹೋಗಲಿಲ್ಲ. ಬಿಸ್ಕತ್ತಿನ ಡಬ್ಬಿಯೊಂದನ್ನು ತೆರೆದರು. ಕಚೇರಿಯ ಜ್ಞಾಪನ, ಸುತ್ತೋಲೆ, ಎಚ್ಚರಿಕೆಗಳನ್ನೆಲ್ಲ ಒತ್ತಿ ಒತ್ತಿ ಸಾರ ಬತ್ತಿದ ಟೈಪ್‌ರೈಟರಿನ ರಿಬ್ಬನ್ನುಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಸೋಪಿನಲ್ಲಿ ತಿಕ್ಕಿ ಒಗೆದು, ಸುರುಳಿ ಸುತ್ತಿಟ್ಟಿದ್ದರು; ಅರ್ಧ ಅಂಗುಲ ಅಗಲ, ಎರಡೂ ಕಡೆ ಬಿಗಿಯಾದ ನೇಯ್ದ ಅಂಚು, ಮಾಸದ ಕಪ್ಪು. ಬಣ್ಣ ಹತ್ತುತ್ತದೆಯೋ ಎಂದು ಪರೀಕ್ಷಿಸಲು ಕಂಡಕ್ಟರರ ಬೆನ್ನಿಗೇ ತಿಕ್ಕಿ ನೋಡಿದರು. ಅವರು, ಇದ್ದದ್ದೊಂದೇ ಬಿಳಿ ಬನಿಯನ್ನು ಎಂದು ಕ್ಷೀಣವಾಗಿ ಪ್ರತಿಭಟಿಸಿದರು. ಹತ್ತಲಿಲ್ಲ.

ಭಾನುವಾರ ಹಗಲೆಲ್ಲ ಟೈಲರ್ ತನ್ನ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ನೋಡುತ್ತ ಕುಳಿತ. ತುಂಡುಗಳು ತೋಳನ್ನು ಸೇರಿದವು, ಒಳಮಡಿಕೆ ಬಿಚ್ಚಿ ಕೆಳಗಿಳಿಯಿತು, ಸವೆದು ಬೆಳ್ಳಗಾಗಿದ್ದ ಹಳೆಯ ಮಡಿಕೆಯ ಗೆರೆಗೆ ಕುಂಚದಿಂದ ಕಪ್ಪು ತಾಗಿತು. ಪಟ್ಟಿ ಕೂಡಿಸುವಾಗ ಅವರು ಮಿಷನ್ನಿನ ಕಡೆ ತಿರುಗಿಯೂ ನೋಡಲಿಲ್ಲ. ಸೂಜಿಯ ಮೊನೆಯನ್ನು ಹಳೆಯ ತೂತಿಗೆ ತಂದು, ನಿಲ್ಲಿಸಿ, ಇಳಿಸಿ, ಮುಂದಿನ ಹಳೆಯ ತೂತಿಗೆ ತಂದು, ನಿಲ್ಲಿಸಿ, ಇಳಿಸಿ. ಎರಡು ತೋಳು, ನಾಲ್ಕು ಅಂಚು, ಅವನು ಎಣಿಸಲಾರದಷ್ಟು ಹೊಲಿಗೆ. ಆ ಬಟ್ಟೆಯ ಮೇಲೆ ಪಟ್ಟಿಗಾಗಿ ಹೊಸ ತೂತೊಂದೂ ಬೀಳಲಿಲ್ಲ. ಹೊಲಿಯುವುದು ತನಗೆ ಬರುತ್ತದೆಂದು ನಂಬಿಕೊಂಡೇ ಇಷ್ಟು ದಿನ ಬದುಕಿದ್ದೆನಲ್ಲ ಎಂದು ಅವನಿಗೆ ಒಳಗೊಳಗೇ ಒಂದು ಭಯ, ಭಯಕ್ಕಿಂತ ಹೆಚ್ಚಾಗಿ ಒಂದು ವಿಚಿತ್ರ ಸಂತೋಷ. ಹೊರಡುವಾಗ, ಈ ವಿಷಯ ಮೇಷ್ಟ್ರಿಗೆ ತಿಳಿಯದಿರಲಿ ಎಂದು ಕೇಳಿಕೊಂಡ. ಹೇಳೋದು ಬಿಡೋದು ನಿಮ್ಮಿಷ್ಟ, ನನಗೆ ಕೋಟು ಗೊತ್ತು, ಗಿರಾಕಿ ಗೊತ್ತಿಲ್ಲ ಎಂದರು.

ಸಂಜೆ ಮೇಷ್ಟ್ರು ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತರು. ತೋಳು ಮಣಿಕಟ್ಟಿನ ಮೂಳೆಯನ್ನು ಮುಚ್ಚಿತ್ತು. ಅವರು ಕೈ ಎತ್ತಿ ಪಟ್ಟಿಯನ್ನು ನೋಡಿದರು, ಬೆರಳಾಡಿಸಿದರು.

“ಅಪ್ಪ ರಿಟೈರಾದ ದಿನ ಅಮ್ಮ ಇದನ್ನ ಕೂತು ಬಿಚ್ಚಿದ್ರು. ಇನ್ಮೇಲೆ ನೀವು ಬರೀ ನಮ್ಮನೆಯವ್ರು ಅಂತ. ನಾನಾಗ ಸಣ್ಣವನು. ನಿಮಗೆ ಹೇಗೆ ಗೊತ್ತಾಯ್ತು?”

ಇಂಥ ಪ್ರಶ್ನೆಯೊಂದನ್ನು ಗಿರಾಕಿಯ ಬಾಯಲ್ಲಿ ಕೇಳಬೇಕೆಂದು ಟೈಲರ್ ಇಪ್ಪತ್ತೆಂಟು ವರ್ಷ ಕಾದಿದ್ದ. ಉತ್ತರವೂ ಸಿದ್ಧವಿತ್ತು: ಅನುಭವ. ಅದನ್ನು ಆಡಿದ್ದರೆ ಆ ಕ್ಷಣ ಜೀವನಪೂರ್ತಿ ಅವನದಾಗುತ್ತಿತ್ತು, ಯಾರಿಗೂ ನಷ್ಟವಿರಲಿಲ್ಲ.

“ನನಗೆ ಗೊತ್ತಾಗ್ಲಿಲ್ಲ ಮೇಷ್ಟ್ರೆ. ನಾನು ನಿಮ್ಮ ಮಾತು ತಪ್ಪು ಕೇಳಿ ತೋಳು ಕತ್ತರಿಸಿಬಿಟ್ಟಿದ್ದೆ. ಗೊತ್ತಾಗಿದ್ದು ಎದುರು ಮನೆ ಅಕ್ಕನಿಗೆ.”

ಮೇಷ್ಟ್ರ ಮುಖ ಕೆಂಪಾಯಿತು. ಟೈಲರ್ ಬೈಗುಳಕ್ಕೆ ತಲೆಯೊಡ್ಡಿ ನಿಂತ. ಅವರು ತೋಳನ್ನು ಮಡಚಿ ಒಳಮೈ ನೋಡಿದರು. ಅಲ್ಲಿ ಜೋಡಣೆ ಇತ್ತು, ಯಾರೂ ಮುಚ್ಚಿಟ್ಟಿರಲಿಲ್ಲ. ಆಮೇಲೆ ಕವಾಯತಿನವರು ತಿರುಗುವಂತೆ ಹಿಮ್ಮಡಿಯ ಮೇಲೆ ತಿರುಗಿ, ಕೋಟು ತೊಟ್ಟೇ ರಸ್ತೆ ದಾಟಿದರು. ಟೈಲರ್ ಹಿಂದೆ ಓಡಿದ. ಅಪರಿಚಿತ ಮನುಷ್ಯ ಬಾಗಿಲಲ್ಲಿ ನಿಂತು, ನನಗಾಗಿ ಯಾಕಿಷ್ಟು ಮಾಡಿದಿರಿ ಎಂದು ಕೇಳಿದಾಗ ಮಗುಚಮ್ಮನಿಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. ಅವರ ಕಣ್ಣು ತೋಳು ಸರಿಯಾಗಿ ಬಿದ್ದಿದೆಯೋ ಎಂದು ನೋಡುತ್ತಿತ್ತು.

“ಹೊತ್ತು ಹೋಗ್ಬೇಕಲ್ಲ” ಎಂದರು.

ಈ ಬಗೆಯ ಜನ ಎಲ್ಲಿದ್ದರೂ ಇದೇ ಮಾತನ್ನೇ ಹೇಳುತ್ತಾರೆ. ನಾವು, ಹೆಸರಿಗಾಗಿ ದುಡಿಯುವವರು, ಮಾಡಿದ ಅಲ್ಪಸ್ವಲ್ಪಕ್ಕೂ ಕಾರಣಗಳನ್ನು ಹೊಲಿದು, ಗುಂಡಿ ಹಾಕಿ, ಎದೆಯ ಮೇಲೆ ತೊಟ್ಟು ತಿರುಗುತ್ತೇವೆ; ಅವರಾದರೋ ಒಂದು ಮನೆತನದ ನೆನಪನ್ನು ಸೂಜಿಯ ಮೊನೆಯಲ್ಲಿ ಎತ್ತಿ ತಂದು, ಅದಕ್ಕೆ ಬೇಸರ ಕಳೆಯುವ ಕೆಲಸವೆಂದು ಹೆಸರಿಟ್ಟು, ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಹೋಗುತ್ತಾರೆ. ಅದು ವಿನಯವೆಂದು ನಾವು ತಿಳಿಯುತ್ತೇವೆ. ವಿನಯವಿರಲಾರದು, ತಾವು ಏನು ಮಾಡುತ್ತಿದ್ದೇವೆಂದು ಅವರಿಗೆ ನಿಜವಾಗಿಯೂ ತಿಳಿಯದೇ ಇದ್ದೀತು. ಎಲ್ಲರ ಹೊತ್ತೂ ಹೇಗೂ ಹೋಗುತ್ತದೆ, ಯಾರೂ ಕಳೆಯಬೇಕಾಗಿಲ್ಲ. ಅವರ ಕೈಗೆ ಸಿಕ್ಕ ಹೊತ್ತು ಮಾತ್ರ ಹೋಗುವುದನ್ನು ಮರೆತು ಸ್ವಲ್ಪ ಕಾಲ ಅಲ್ಲೇ ನಿಂತುಬಿಡುತ್ತದೆ. ಮಾರನೆಯ ದಿನ ಒಬ್ಬ ಹುಡುಗಿ ವೇದಿಕೆಯಿಂದ ಕೆಳಗೆ ನೋಡಿದಾಗ, ಮೊದಲ ಸಾಲಿನಲ್ಲಿ, ಅಪ್ಪ ತೊಟ್ಟ ಆ ಕಪ್ಪು ತೋಳುಗಳಲ್ಲಿ, ಅವಳ ಅಜ್ಜ ಚಪ್ಪಾಳೆ ತಟ್ಟುತ್ತಿರುತ್ತಾರೆ.