ತಾಂಡೂರಿನ ಗಾಡಿ

ಹಣಮಪ್ಪನ ಕಂಕುಳಲ್ಲಿ ಹಸಿರು ಬಾವುಟ, ಕೆಂಪು ಬಾವುಟ, ಗಾಡಿ ಬರುವ ಹೊತ್ತಿಗೆ ಸ್ಟೇಷನ್ ಬಿಟ್ಟು ಈ ಮನುಷ್ಯ ಓಣಿಯಲ್ಲಿ ಯಾಕೆ ಬರುತ್ತಿದ್ದಾನೆ ಎಂದು ಹಾಜಿಸಾಬ ನಮಾಜಿಗೆ ವಜೂ ಮಾಡಿ ತೊಳೆದ ಕೈ ಒರೆಸಿಕೊಳ್ಳುತ್ತ ನೋಡಿದ, ಚಪ್ಪಲಿ ಬೇರೆ ಹೊರಗೇ ಬಿಡುತ್ತಿದ್ದಾನೆ — ವಾಡಿಯಿಂದ ಫೋನ್ ಬಂದದ್ರಿ ಅಜ್ಜಾರ, ಶೌಕತ ಭಾಯಿ ಮಾಡಿಸ್ಯಾರ, ಮೊದಲ ಕುಂದ್ರಿ. ಕೂರಲಿಲ್ಲ. ಮಗ ಶೌಕತ ಅಲಿ ಬೆಳಿಗ್ಗೆ ತನ್ನ ಮಗಳು ಬಷೀರಾಳನ್ನು ಎತ್ತಿಕೊಂಡು ಗಾಡಿ ಹತ್ತಿದ್ದು ಗುಲಬರ್ಗಾದ ದವಾಖಾನೆಗೆ, ವಾಡಿಯಲ್ಲಿ ಬರೀ ಗಾಡಿ ಬದಲಿಸುವುದು, ಅಲ್ಲಿಂದ ಫೋನ್ ಯಾಕೆ — ಅಲ್ಲೇ ಜೀವ ಹೋತಂತ್ರಿ, ಪ್ಲಾಟ್‌ಫಾರ್ಮಿನ ಮ್ಯಾಲೆ, ಹೊಟ್ಟ್ಯಾಗ ಕರುಳು ಒಡೀತಂತ. ಹತ್ತೊಂಬತ್ತರ ಮೊಮ್ಮಗಳು. ಹಣಮಪ್ಪನ ಬಾವುಟ ಕಿತ್ತು ತಿಪ್ಪೆಗೆ ಎಸೆಯಬೇಕೆನಿಸಿತು, ಪಾಪ ಅವನೇನು ಮಾಡಿಯಾನು, ಗುಮಾಸ್ತ ಹೇಳಿದ ವರ್ಷ ತುಂಬಲು ಹನ್ನೊಂದು ದಿನ ಇತ್ತು, ಬರೀ ಹನ್ನೊಂದು, ಬಾಗಿಲು ತೆರೆದಿತ್ತು, ಗಾಡಿಯ ಬಾಗಿಲು.

ಡಾಕ್ಟರ್ ಕಾಲೇಜಿನ ಆ ಗುಮಾಸ್ತನನ್ನು ಹಿಡಿದು ತಂದು ಈ ಅಂಗಳದಲ್ಲಿ ನಿಲ್ಲಿಸಬೇಕು, ಬಾಯಲ್ಲಿ ಎಲೆ, ಎರಡು ಬೆರಳಲ್ಲಿ ಅವಳ ಅರ್ಜಿ — ನಿಮ್ ಹುಡುಗಿ ತಾಂಡೂರಿನಾಗ ಓದ್ಯಾಳ, ಆಂಧ್ರದಾಕಿ ಆದಳು, ಡಾಕ್ಟರ್ ಓದ್ಲಿಕ್ಕ ಹೊರಗಿನವರಿಗಿ ಫೀ ನಾಕು ಪಟ್ಟು, ಒಂದು ವರ್ಷ ಸತತ ಊರಾಗ ಇಟ್ಕೊಂಡು ಪಟವಾರಿ ಚೀಟಿ ತರ್ರಿ, ಆಮ್ಯಾಲೆ ನಮ್ಮಾಕಿ. ಅಲ್ಲಿಯವರೆಗೆ ಯಾರಾಕಿ? ಕುರಕುಂಟಾದ ಖಬರಸ್ತಾನದಲ್ಲಿ ಅವಳ ಮನೆಯ ಏಳು ತಲೆ ಮಲಗಿದೆ. ಊರಲ್ಲಿ ಹೆಣ್ಣುಮಕ್ಕಳಿಗೆ ಹೈಸ್ಕೂಲಿಲ್ಲ, ಸೋದರಮಾವನ ಮನೆಯಲ್ಲಿದ್ದು ಕಲಿತದ್ದು ಕಳವೇ? ಗಾಡಿಯಲ್ಲಿ ಮುಕ್ಕಾಲು ತಾಸಿನ ಹಾದಿ, ಐವತ್ತಾರರಲ್ಲಿ ಯಾರೋ ನಡುವೆ ರಾಜ್ಯದ ಗೆರೆ ಎಳೆದರು, ಇತ್ತಲ ತೊಗರಿಗೂ ಅತ್ತಲ ತೊಗರಿಗೂ ಒಂದೇ ಮಳೆ, ಮನುಷ್ಯರಿಗೆ ಮಾತ್ರ ಚೀಟಿ. ಸತತ ಎಂದನಲ್ಲ, ಆ ಮಾತನ್ನು ಹಾಜಿಸಾಬ ಶಾಸ್ತ್ರದಂತೆ ಹಿಡಿದ. ಮಾವನ ಮಗಳ ಮದುವೆಗೂ ಬಷೀರಾಳನ್ನು ಕಳಿಸಲಿಲ್ಲ, ರೋಜಾದ ಉಪವಾಸ ಇದ್ದಂಗ ಬೇಟಿ, ಒಂದು ಗುಟುಕು ನೀರು ಕುಡದ್ರ ಮುರೀತದ — ಹನ್ನೆರಡು ತಿಂಗಳ ರಂಜಾನ್ ಏನು ದಾದಾ, ನಾ ಕೋಳಿ ಏನು, ಬುಟ್ಟಿ ಮುಚ್ಚಿ ಇಟ್ಟೀರಿ? ನಗುತ್ತಲೇ ಕೂತಳು, ಓಣಿಯ ಹುಡುಗಿಯರಿಗೆ ಅಕ್ಷರ ಹೇಳಿಕೊಡುತ್ತ ಕೂತಳು, ಮೊನ್ನೆ ಹೊಟ್ಟೆ ಹಿಡಿದುಕೊಂಡು ಕೂತಳು, ಮತ್ತೆ ಏಳಲಿಲ್ಲ.

ಬೆಳಿಗ್ಗೆ ಸ್ಟೇಷನ್ನಿಗೆ ಮೊದಲು ಬಂದದ್ದು ತಾಂಡೂರಿನ ಗಾಡಿ. ಡಬ್ಬಿ ಸರಿಯಾಗಿ ಅವರೆದುರೇ ನಿಂತಿತು, ಬಾಗಿಲು ತೆರೆದಿತ್ತು. ಸೊಸೆ ಲತೀಫಾ ಕಾಲಿಗೆ ಬೀಳುವುದೊಂದು ಬಾಕಿ — ಇದರಾಗೇ ಹತ್ತಿಸೋಣ್ರಿ ಮಾವಾ, ಅಣ್ಣನ ಮನಿ ಬಾಜೂಕೇ ದವಾಖಾನಿ ಅದ — ಹನ್ನೊಂದು ದಿನ ಉಳದಾವ, ಎಲ್ಲಾ ಹಾಳಾಗ್ತದ, ವಾಡಿ ಗಾಡಿ ಈಗ ಬರ್ತದ, ಎಂದು ಗದರಿದವನು ತಾನೇ. ಬಷೀರಾ ಬಾಗಿಲ ಕಂಬಿ ಹಿಡಿದಿದ್ದಳು, ಸುಡುವ ಬೆರಳು, ಒಂದೊಂದಾಗಿ ಬಿಡಿಸಿದ. ವಾಡಿಯ ಗಾಡಿ ಎರಡೂವರೆ ತಾಸು ತಡ.

ಮರುದಿನ ಮಣ್ಣು ಕೊಟ್ಟು ಬಂದು ಕೂತಾಗ ಪಟವಾರಿ ಗುರುಲಿಂಗಯ್ಯ ಬಂದ, ಹಣೆಯ ವಿಭೂತಿ ಬೆವರಲ್ಲಿ ಇಳಿಯುತ್ತಿದೆ, ಅಲ್ರಿ ಹಾಜಿಸಾಬ್ರ, ಬ್ಯಾನಿ ಬಂದು ನಾಕು ದಿನ ಹೋಗಿ ಬಂದ್ರ ವರ್ಷ ಮುರೀತದೇನ್ರಿ, ಚೀಟಿ ನಾ ಹೋದ ತಿಂಗಳೇ ಬರದು ಇಟ್ಟೀನಿ, ತಾರೀಖು ಹಾಕೋದೊಂದು ಬಾಕಿ, ನನ್ನ ಒಂದು ಮಾತು ಕೇಳಬಾರದೇನ್ರಿ? ಎದ್ದು ಹೋಗು ಅಯ್ಯಾ, ಎದ್ದು ಹೋಗು. ಕೇಳಬೇಕಿತ್ತೇ? ಜ್ವರ ಬಂದವರಿಗೆ ರೋಜಾ ಮಾಫ್, ಅಲ್ಲಾಹನೇ ಮಾಫ್ ಮಾಡ್ಯಾನ, ಮೊದಲ ದವಾ ಕುಡೀರಿ ಎಂದು ನಲವತ್ತು ವರ್ಷ ಮಸೀದಿಯ ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಹೇಳಿದ ಬಾಯಿ ಇದು. ಅಲ್ಲಾಹನ ಕಾಯಿದೆಯಲ್ಲಿ ಇದ್ದ ಕರುಣೆಯನ್ನು ಗುಮಾಸ್ತನ ಕಾಯಿದೆಗೆ ಹೆದರಿ ಮರೆತ ಮುದುಕ, ಥೂ. ಜಪಮಣಿ ಹಿಡಿದರೆ ಮಣಿ ಸಿಗುವುದಿಲ್ಲ, ಬೆರಳು ಸಿಗುತ್ತವೆ, ಸುಡುವ ಬೆರಳು, ಕಂಬಿ, ತೆರೆದ ಬಾಗಿಲು — ಯಾ ಅಲ್ಲಾ, ನನ್ನ ತಪ್ಪನ್ನು ನನ್ನ ಹತ್ತಿರ ಕೇಳು, ಆ ಕೂಸಿಗೆ ನೆಮ್ಮದಿ ಕೊಡು, ಯಾವ ಊರಿನಾಕಿ ಎಂದು ಕೇಳಬೇಡ, ನಿನ್ನ ಬಾಗಿಲ ಕಂಬಿ ಹಿಡಿದು ನಿಂತಿರುತ್ತಾಳೆ, ಬೆರಳು ಬಿಡಿಸಬೇಡ. ಆಮೀನ್.